ನಾಲ್ಕು ನಿಮಿಷ ಹನ್ನೆರಡು ಸೆಕೆಂಡು

ನವೆಂಬರ್ 3, ಸೋಮವಾರ

ಒಂಬತ್ತು ವರ್ಷದಲ್ಲಿ ಅಕ್ಕನ ಮಗ ಬುಗುರಿಗೆ ಒಂಬತ್ತು ನೃತ್ಯ ಕಟ್ಟಿಕೊಟ್ಟಿದ್ದೇನೆ. ಒಂಬತ್ತನೆಯದನ್ನು ಇವತ್ತು ಹತ್ತೇ ನಿಮಿಷದಲ್ಲಿ ಕಿತ್ತು ಬಿಸಾಡಿದರು.

ಬೆಳಿಗ್ಗೆ ಮೇಷ್ಟ್ರು ತಮ್ಮ ಕೋಣೆಗೆ ಕರೆದರು. ಐಸ್ ಸ್ಕೇಟಿಂಗಿನಲ್ಲಿ ಜಿಗಿತ ಕಲಿಸುವುದು ಅವರ ಕೆಲಸ, ಹಾಡು ಆರಿಸಿ ನೃತ್ಯ ಕಟ್ಟುವುದು ನನ್ನ ಕೆಲಸ. ಮೊದಲಿನಿಂದಲೂ ಹಾಗೇ ನಡೆದುಕೊಂಡು ಬಂದಿದೆ. ಮೇಜಿನ ಮೇಲೆ ಹೋದ ತಿಂಗಳ ಸ್ಪರ್ಧೆಯ ಅಂಕಪಟ್ಟಿ ಇತ್ತು. ಜಿಗಿತಕ್ಕೆ ಬಂದ ಅಂಕಗಳ ಕೆಳಗೆ ಹಸಿರು ಗೆರೆ, ನೃತ್ಯಕ್ಕೆ ಬಂದ ಅಂಕಗಳ ಕೆಳಗೆ ಕೆಂಪು ಗೆರೆ. ಗೆರೆ ಎಳೆಯುವುದಕ್ಕೆ ಸ್ಕೇಲು ಬೇರೆ ಇಟ್ಟುಕೊಂಡಿದ್ದಾರೆ.

"ಸರ್, ಬೇಜಾರು ಮಾಡ್ಕೋಬೇಡಿ" ಎಂದರು. ಹೀಗೆ ಶುರುವಾದ ಮಾತು ಎಲ್ಲಿ ಹೋಗಿ ಮುಟ್ಟುತ್ತದೆ ಎಂದು ನನಗೆ ಗೊತ್ತಿಲ್ಲವೇ. "ನಿಮ್ಮ ಪಿಯಾನೋ ಚೆನ್ನಾಗೇ ಇದೆ. ಆದ್ರೆ ಗಂಡಸರ ವಿಭಾಗದಲ್ಲಿ ಹತ್ತು ಜನ ಬಂದ್ರೆ ಆರು ಜನ ಪಿಯಾನೋ ಹಾಕ್ಕೊಂಡು ದುಃಖ ಪಡ್ತಾರೆ. ಮೂರು ಜನ ಕತ್ತಿ ಹಿಡಿದಿರೋ ಯೋಧರು. ತೀರ್ಪುಗಾರರೂ ಮನುಷ್ಯರೇ ಅಲ್ವಾ. ಅವ್ರಿಗೂ ಸಾಕಾಗಿದೆ."

"ಆಯ್ಕೆ ಸ್ಪರ್ಧೆಗೆ ಏಳು ವಾರ ಕೂಡ ಇಲ್ಲ" ಎಂದೆ.

"ಅದಕ್ಕೇ ಇವತ್ತೇ ಹೇಳ್ತಾ ಇದೀನಿ. ಹೊಸಬರೊಬ್ಬರನ್ನ ಮಾತಾಡಿಸಿದೀನಿ. ನಾಟಕದ ಕಡೆಯವರು. ನೀವು ಹಾಡು ಮಾತ್ರ ಕತ್ತರಿಸಿಕೊಡಿ ಸರ್. ಅದನ್ನ ನಿಮ್ಮ ಥರ ಮಾಡೋರು ಯಾರೂ ಇಲ್ಲ."

ಊಟಕ್ಕೆ ಕರೆದು ಎಲೆ ಎತ್ತುವ ಕೆಲಸ ಕೊಟ್ಟ ಹಾಗಾಯಿತು. ಉರಿದು ಹೋಯಿತು ನನಗೆ. ಆದರೂ "ಆಯ್ತು" ಎಂದೆ.

ಬುಗುರಿ ಅಲ್ಲೇ ಬಾಗಿಲ ಹತ್ತಿರ ನಿಂತಿದ್ದ. ಆರು ವರ್ಷದವನಿದ್ದಾಗ ಕಾಲುಚೀಲ ಹಾಕಿಕೊಂಡು ಅಕ್ಕನ ಅಡುಗೆಮನೆಯಲ್ಲಿ ಗಿರಗಿರ ತಿರುಗುತ್ತಿದ್ದ. ಬುಗುರಿ ಎಂದು ಹೆಸರಿಟ್ಟವನು ನಾನೇ. ಈಗ ಇಪ್ಪತ್ತಾರು. ಸೊಂಟದ ಕೀಲು ಸವೆದಿದೆ, ಈ ವರ್ಷವೇ ಕೊನೆ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ವಿಶ್ವ ಸ್ಪರ್ಧೆಗೆ ನಮ್ಮಲ್ಲಿಂದ ಹೋಗುವುದು ಒಬ್ಬನೇ ಗಂಡಸು. ಡಿಸೆಂಬರಿನಲ್ಲಿ ಗೆದ್ದವನು ಹೋಗುತ್ತಾನೆ, ಮಿಕ್ಕವರು ಟಿವಿ ನೋಡುತ್ತಾರೆ. ಎಲ್ಲ ಗೊತ್ತಿದ್ದೂ ಅವನು ನನ್ನ ಪರ ಒಂದು ಮಾತಾಡಲಿಲ್ಲ. ಬೂಟಿನ ಲೇಸು ನೋಡುತ್ತಾ ನಿಂತಿದ್ದ.

ನವೆಂಬರ್ 5, ಬುಧವಾರ

ಹಾಡು ಕಳಿಸಿದರು. ಬ್ಯಾಂಡು. ಆರು ನಿಮಿಷ ನಲವತ್ತು ಸೆಕೆಂಡು ತುತ್ತೂರಿ, ಡ್ರಮ್ಮು, ನಡುವೆ ಯಾರೋ ಸಿಳ್ಳೆ ಹೊಡೆಯುತ್ತಾನೆ. ಕಥೆ ಏನಪ್ಪಾ ಅಂದರೆ, ಒಬ್ಬ ಗುಮಾಸ್ತನಿಗೆ ಬಸ್ಸು ತಪ್ಪಿಹೋಗುತ್ತದೆ. ಅದರ ಹಿಂದೆ ಓಡುತ್ತಾನೆ. ಅಷ್ಟೇ. ನನ್ನ ಅಳಿಯ ತನ್ನ ಕೊನೆಯ ವರ್ಷ ಬಸ್ಸಿನ ಹಿಂದೆ ಓಡಬೇಕಂತೆ.

ನೃತ್ಯ ಕಟ್ಟುವಾಕೆಯನ್ನು ನೋಡಿದೆ. ಬೂಟು ಹಾಕಿ ಐಸಿನ ಮೇಲೆ ನಿಲ್ಲುವುದಕ್ಕೇ ಬರುವುದಿಲ್ಲ. ರಬ್ಬರ್ ಚಪ್ಪಲಿಯಲ್ಲಿ ಅಡ್ಡಗೋಡೆ ಹಿಡಿದುಕೊಂಡು ಅಲ್ಲಿಂದಲೇ ಕೈ ಬೀಸುತ್ತಾಳೆ. ಬಸ್ಸಮ್ಮ ಎಂದು ಹೆಸರಿಟ್ಟಿದ್ದೇನೆ. ಯಾರ ಮುಂದೆಯೂ ಅನ್ನುವ ಹಾಗಿಲ್ಲ, ಇಲ್ಲಿ ಬರೆದುಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಕತ್ತರಿಸುವುದು ಸುಲಭ ಎಂದುಕೊಂಡಿದ್ದಾರೆ ಎಲ್ಲರೂ. ಗಂಡಸರಿಗೆ ನಾಲ್ಕು ನಿಮಿಷ, ಅದರ ಮೇಲೆ ಕೆಳಗೆ ಹತ್ತು ಸೆಕೆಂಡು ರಿಯಾಯಿತಿ. ರಿಯಾಯಿತಿ ದಾಟಿ ಒಂದು ಸೆಕೆಂಡು ಹೋದರೂ ಒಂದು ಅಂಕ ಕಳೆಯುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತು. ಗಡಿಯಾರ ಓಡುವುದು ಹಾಡಿನ ಜೊತೆಗಲ್ಲ, ಆಟಗಾರನ ಜೊತೆಗೆ ಎನ್ನುವುದನ್ನು ಮಾತ್ರ ಮರೆಯುತ್ತಾರೆ. ಅವನು ಮೊದಲ ಸಲ ಅಲುಗಾಡಿದಾಗ ಶುರು, ಪೂರ್ತಿ ನಿಂತಾಗ ಮುಗಿಯಿತು.

ಅದಕ್ಕೇ ನಾನು ಕಟ್ಟಿದ ಯಾವ ನೃತ್ಯದಲ್ಲೂ ಹುಡುಗ ಹಾಡಿನ ಜೊತೆಗೇ ಹೊರಡುವುದಿಲ್ಲ. ಮೂರು ಸೆಕೆಂಡು ನಿಂತಿರುತ್ತಾನೆ. ಹಾಡು ಅವನನ್ನು ಹುಡುಕಿಕೊಂಡು ಬರಬೇಕು, ಅವನು ಹಾಡಿನ ಬೆನ್ನು ಹತ್ತಬಾರದು. ಆ ಮೂರು ಸೆಕೆಂಡು ಪುಕ್ಕಟೆ. ಈ ಊರಿನಲ್ಲಿ ಅದನ್ನು ಕಂಡುಕೊಂಡವನು ನಾನು.

ನವೆಂಬರ್ 9, ಭಾನುವಾರ

ಕತ್ತರಿಸಿ ಮುಗಿಸಿದೆ. ನಾಲ್ಕು ದಿನ ಹಿಡಿಯಿತು.

ಹಾಡು ಎಷ್ಟೇ ಬೀದಿಯದಾಗಿರಲಿ, ಕೆಲಸ ಕೆಲಸವೇ. ಎರಡನೆಯ ತುತ್ತೂರಿಯಿಂದ ನೇರ ಸಿಳ್ಳೆಗೆ ಹಾರಿಸಿದ್ದೇನೆ. ಹೊಲಿಗೆ ಎಲ್ಲಿದೆ ಎಂದು ಬ್ಯಾಂಡಿನವರಿಗೇ ತಿಳಿಯದು. ಕೊನೆಯಲ್ಲಿ ಡ್ರಮ್ಮಿನ ಮೂರು ಪೆಟ್ಟು ಬರುತ್ತವೆ, ಅವನ್ನು ಬಿಡುವ ಹಾಗಿರಲಿಲ್ಲ. ಒಟ್ಟು ನಾಲ್ಕು ನಿಮಿಷ ಹನ್ನೆರಡು ಸೆಕೆಂಡಾಯಿತು. ಮೊದಲ ಮೂರು ಸೆಕೆಂಡು ನಿಂತರೆ ನಾಲ್ಕು ಒಂಬತ್ತು. ಸರಿಯಾಗಿ ಒಳಗೆ ಬರುತ್ತದೆ.

ಮಧ್ಯಾಹ್ನ ಅಕ್ಕನ ಮನೆಗೆ ಹೋಗಿದ್ದೆ. ಮಗನ ಆಟದ ಬಟ್ಟೆಗಳನ್ನೆಲ್ಲ ಹೊಲಿಯುವವಳು ಅವಳೇ. ಹೋದ ಬೇಸಿಗೆಯಲ್ಲಿ ಪಿಯಾನೋಗೆ ಎಂದು ಕಪ್ಪು ಅಂಗಿಗೆ ಒಂದೊಂದೇ ಮಣಿ ಕೂರಿಸಿದ್ದಳು. ಅದೀಗ ಬೀರುವಿನ ಮೇಲಿನ ಪೆಟ್ಟಿಗೆ ಸೇರಿದೆ. ಹೊಲಿಗೆ ಯಂತ್ರದ ಮೇಲೆ ಕಂದು ಕೋಟು, ಕುತ್ತಿಗೆಗೆ ಒಂದು ಟೈ.

"ಟೈ ಒಂದು ಕಡೆ ವಾಲಿರಬೇಕಂತೆ ಕಣೋ. ನೆಟ್ಟಗೆ ಹೊಲಿಯೋಕೆ ನಲವತ್ತು ವರ್ಷ ತಗೊಂಡೆ, ಈಗ ಸೊಟ್ಟ ಹೊಲಿ ಅಂತಾರೆ" ಎಂದು ನಕ್ಕಳು.

"ನಿನಗೆ ನಗು ಬರತ್ತೆ" ಎಂದೆ.

"ಅಳೋ ಅಂಥದ್ದೇನಾಗಿದೆ? ಅವನು ಮನೇಲಿ ಹಾಡು ಹಾಕ್ಕೊಂಡು ಕುಣೀತಾನೆ. ಎಷ್ಟು ವರ್ಷ ಆಗಿತ್ತು ಹಾಗೆ ನೋಡಿ."

ನನ್ನ ಹಾಡುಗಳಿಗೆ ಅವನು ಮನೆಯಲ್ಲಿ ಕುಣಿಯುತ್ತಿರಲಿಲ್ಲ ಎಂದು ಹಾಗೆ ಹೇಳಿದಳೋ, ಸುಮ್ಮನೆ ಹೇಳಿದಳೋ. ಚಹಾ ಅರ್ಧಕ್ಕೆ ಬಿಟ್ಟು ಬಂದೆ. ಸಂಜೆ ಹಾಡನ್ನು ಎಲ್ಲರಿಗೂ ಕಳಿಸಿದೆ.

ನವೆಂಬರ್ 14, ಶುಕ್ರವಾರ

ಮೊದಲ ಸಲ ಪೂರ್ತಿ ಆಡಿದರು. ಅಡ್ಡಗೋಡೆಯ ಹೊರಗೆ, ಬೂಟು ಕಟ್ಟಿಕೊಳ್ಳುವ ಬೆಂಚಿನ ಹತ್ತಿರ ನಿಂತು ನೋಡಿದೆ. ಯಾರೂ ಕರೆದಿರಲಿಲ್ಲ. ಬರಬೇಡ ಎಂದೂ ಅಂದಿರಲಿಲ್ಲ.

ಬುಗುರಿ ನಿಲ್ಲುವುದೇ ಇಲ್ಲ. ತುತ್ತೂರಿಯ ಮೊದಲ ಸ್ವರಕ್ಕೇ ಗಾಬರಿಯಿಂದ ಕೈಗಡಿಯಾರ ನೋಡಿಕೊಂಡು ಓಡಲು ಶುರು ಮಾಡುತ್ತಾನೆ. ಬಸ್ಸಿಗೆ ತಡವಾದವನು ಯಾಕೆ ನಿಲ್ಲುತ್ತಾನೆ, ನಿಜ. ಆದರೆ ಗಡಿಯಾರವೂ ಮೊದಲ ಸ್ವರಕ್ಕೇ ಓಡುತ್ತದಲ್ಲ. ನಾಲ್ಕು ಒಂಬತ್ತು ಆಗಬೇಕಾದದ್ದು ನಾಲ್ಕು ಹನ್ನೆರಡೇ ಆಯಿತು. ಎರಡು ಸೆಕೆಂಡು ಹೆಚ್ಚು. ಒಂದು ಅಂಕ ಹೋಗುತ್ತದೆ.

ಮೇಷ್ಟ್ರ ಕಣ್ಣು ಜಿಗಿತದ ಮೇಲೆ, ಬಸ್ಸಮ್ಮನ ಕಣ್ಣು ಟೈ ಮೇಲೆ. ಗಡಿಯಾರ ನೋಡಿದವನು ನಾನೊಬ್ಬನೇ. ನಾಳೆ ಹೇಳಿ ಸರಿಮಾಡಿಕೊಡಬೇಕು. ದೊಡ್ಡ ಕೆಲಸವೇನಲ್ಲ.

ನವೆಂಬರ್ 15, ಶನಿವಾರ

ಹೇಳಲೆಂದೇ ಹೋಗಿದ್ದೆ. ಅವರಿಬ್ಬರೂ ಅಡ್ಡಗೋಡೆಯ ಹತ್ತಿರ ನೀರು ಕುಡಿಯುತ್ತಿದ್ದರು, ನನಗೆ ಬೆನ್ನು ಮಾಡಿ. ಐಸ್ ಒರೆಸುವ ಗಾಡಿ ಓಡುತ್ತಿದ್ದ ಸದ್ದಿಗೆ ನಾನು ಬಂದದ್ದು ಕೇಳಿಸಿರಲಿಕ್ಕಿಲ್ಲ.

ಬಸ್ಸಮ್ಮ ಹೇಳುತ್ತಿದ್ದಳು: "ಈ ಕೈ ನೋಡಿ. ಎದೆ ಹತ್ತಿರ ತಂದು ಮೆಲ್ಲಗೆ ಬಿಡ್ತೀರಲ್ಲ, ಇದನ್ನ ಮೊದಲು ಬಿಟ್ಬಿಡಿ. ನಿಮ್ಮ ಹಳೇ ವಿಡಿಯೋ ಎಲ್ಲ ನೋಡ್ದೆ. ಒಂಬತ್ತು ವರ್ಷದಿಂದ ಸಾವಿನ ಮನೆಗೆ ಹೋಗಿ ಬರ್ತಾ ಇದೀರಿ ನೀವು."

ಬುಗುರಿ ನಕ್ಕ. ಸುಮ್ಮನೆ ಮುಗುಳ್ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕ. "ಮೇಡಂ, ಪ್ರತಿ ವರ್ಷ ಬೇರೆ ಬೇರೆ ಸಾವು" ಎಂದ.

ಆ ಕೈ ನನ್ನದು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ನಾನೇ ಆಡುತ್ತಿದ್ದಾಗ ಹುಟ್ಟಿದ್ದು. ಮಂಡಿ ಮುರಿದುಕೊಂಡ ಮೇಲೆ ಅದನ್ನು ಅವನಿಗೆ ಕೊಟ್ಟೆ. ಬೇರೆ ಯಾರಿಗೂ ಕೊಟ್ಟಿಲ್ಲ.

ಹಾಗೇ ಹಿಂದಿರುಗಿ ಬಂದೆ. ಎರಡು ಸೆಕೆಂಡಿನ ಮಾತು ನನ್ನಲ್ಲೇ ಉಳಿಯಿತು.

ನವೆಂಬರ್ 24, ಸೋಮವಾರ

ಹೋದ ವಾರವಿಡೀ ಹೋಗಿ ನೋಡಿದೆ. ತಪ್ಪುಗಳನ್ನು ಬರೆದಿಡುತ್ತೇನೆ.

ಒಂದು, ಎರಡನೆಯ ನಿಮಿಷದಲ್ಲಿ ಭುಜ ಮೇಲೇಳುತ್ತದೆ. ಇನ್ನೊಂದು, ನಾಲ್ಕು ಸುತ್ತಿನ ಜಿಗಿತ ಸರಿಯಾಗಿ ಡ್ರಮ್ಮಿನ ಮೇಲೆ ಬೀಳಬೇಕು, ಒಂದು ಕೂದಲೆಳೆ ಮುಂಚೆ ಬೀಳುತ್ತಿದೆ. ಹೆಜ್ಜೆಗಳ ಸಾಲಿನಲ್ಲಿ ಬಸ್ಸಿನೊಳಗೆ ನೂಕುನುಗ್ಗಲಿನಲ್ಲಿ ನಿಂತವನ ಹಾಗೆ ಮೈ ಕುಗ್ಗಿಸಿ, ಒಂದೇ ಕಾಲಿನ ಮೇಲೆ ಈ ಅಂಚಿನಿಂದ ಆ ಅಂಚಿಗೆ ಜಾರಿಕೊಂಡು ಹೋಗುತ್ತಾನೆ. ಯಾರದೋ ಕಾಲು ತುಳಿದು ಕ್ಷಮೆ ಕೇಳುತ್ತಾನೆ. ಇಲ್ಲದ ಹೆಂಗಸಿಗೆ ಜಾಗ ಬಿಟ್ಟುಕೊಡುತ್ತಾನೆ. ಆ ಹೆಂಗಸು ಕೂತದ್ದು ನನಗೆ ಕಾಣಿಸಿತು. ಇದು ತಪ್ಪಲ್ಲ. ಯಾಕೆ ಬರೆದೆನೋ.

ಐಸ್ ಒರೆಸುವವನು ಗಾಡಿ ನಿಲ್ಲಿಸಿ ನೋಡುತ್ತಾನೆ. ಟಿಕೆಟ್ ಕೊಡುವಾಕೆ ಕಿಟಕಿ ಮುಚ್ಚಿ ಬರುತ್ತಾಳೆ. ನನ್ನ ಪಿಯಾನೋ ಆಡುವಾಗ ಇವರಿಬ್ಬರೂ ಒಂದು ದಿನ ತಲೆ ಎತ್ತಿದವರಲ್ಲ. ನಗಿಸುವುದು ಸುಲಭ ಬಿಡಿ.

ನವೆಂಬರ್ 26, ಬುಧವಾರ

ಹಾಡಿನ ಉದ್ದಕ್ಕೆ ತಕ್ಕ ಹಾಗೆ ನೃತ್ಯ ಕಟ್ಟುವುದು ನೃತ್ಯ ಕಟ್ಟುವವರ ಜವಾಬ್ದಾರಿ. ಕೆಲಸ ಕಿತ್ತುಕೊಂಡ ಮೇಲೆ ಅದರ ಜವಾಬ್ದಾರಿಯನ್ನೂ ಕಿತ್ತುಕೊಂಡ ಹಾಗೆಯೇ. ಅವರೇನು ಮಕ್ಕಳಲ್ಲ, ಕೈಯಲ್ಲಿ ಗಡಿಯಾರವಿದೆ.

ಡಿಸೆಂಬರ್ 2, ಮಂಗಳವಾರ

ಬುಗುರಿ ನನ್ನ ಮನೆಗೆ ಬಂದಿದ್ದ. ತಿಂಗಳಾಗಿತ್ತು ಬಂದು. ಬ್ರೆಡ್ಡು, ಬೆಣ್ಣೆ ತಂದಿದ್ದ, ಸಂಕೋಚಕ್ಕೆ.

"ಮಾಮ, ಒಂದು ಜಾಗ ಕೂರ್ತಾ ಇಲ್ಲ. ಮೇಡಂಗೆ ಕೇಳ್ದೆ, ಅವ್ರು ನೆಲದ ಮೇಲೆ ಮಾಡಿ ತೋರಿಸ್ತಾರೆ, ಐಸಿನ ಮೇಲೆ ಬರಲ್ಲ. ಬಸ್ಸು ಬ್ರೇಕ್ ಹಾಕಿದಾಗ ಮುಗ್ಗರಿಸೋದು. ಬೀಳ್ತಾನೆ ಅನ್ನಿಸ್ಬೇಕು, ಬೀಳಬಾರದು."

"ನನ್ನನ್ಯಾಕೆ ಕೇಳ್ತೀಯ, ನಾನು ಸಾವಿನ ಮನೆಯೋನು" ಎಂದೆ.

ಅವನ ಮುಖ ಸಣ್ಣಗಾಯಿತು. "ಕೇಳಿಸ್ಕೊಂಡ್ರಾ" ಎಂದ. ಆಮೇಲೆ, "ತಮಾಷೆಗೆ ಅಂದದ್ದು ಮಾಮ" ಎಂದ.

ಪಡಸಾಲೆಯ ಕುರ್ಚಿಗಳನ್ನು ಗೋಡೆಗೆ ತಳ್ಳಿ ಜಾಗ ಮಾಡಿಕೊಂಡೆವು. ನಾನು ಕಾಲುಚೀಲದಲ್ಲಿ ನಿಂತೆ, ಅವನೂ. ಭಾರವನ್ನು ಹಿಮ್ಮಡಿಗೆ ಬಿಟ್ಟುಕೊಟ್ಟು ಎದೆಯನ್ನು ಮಾತ್ರ ಮುಂದಕ್ಕೆ ಹೋಗಗೊಡಬೇಕು. ಇಪ್ಪತ್ತು ಸಲ ಮಾಡಿದೆವು. ಒಂದು ಸಲ ನಾನೇ ನಿಜವಾಗಿ ಮುಗ್ಗರಿಸಿ ಕಪಾಟು ಹಿಡಿದುಕೊಂಡೆ, ಅವನು ನನ್ನನ್ನು ಹಿಡಿದುಕೊಂಡ. ಇಬ್ಬರೂ ನಕ್ಕೆವು. ಒಂದು ಗಂಟೆ ಹೋದದ್ದೇ ಗೊತ್ತಾಗಲಿಲ್ಲ. ಎಷ್ಟೋ ದಿನದ ಮೇಲೆ ಹಸಿವಾಯಿತು ನನಗೆ.

ಬ್ರೆಡ್ಡು ತಿನ್ನುತ್ತಾ ಕೇಳಿದ, "ಹಾಡು ಎಲ್ಲಾ ಸರಿಯಾಗಿದೆ ಅಲ್ವಾ ಮಾಮ?"

"ಸರಿಯಾಗಿದೆ" ಎಂದೆ.

ಕತ್ತರಿಸಿದ್ದು ಸರಿಯಾಗಿಯೇ ಇದೆ. ಅವನು ಕೇಳಿದ್ದೂ ಅದನ್ನೇ.

ಡಿಸೆಂಬರ್ 9, ಮಂಗಳವಾರ

ಕುತೂಹಲಕ್ಕೆಂದು ಕೂತೆ. ಸಿಳ್ಳೆಯ ನಂತರ ಒಂದು ಡ್ರಮ್ಮಿನ ಉರುಳು ಇದೆ, ಅದನ್ನು ತೆಗೆದರೆ ಮೂರು ಸೆಕೆಂಡು ಇಳಿಯುತ್ತದೆ. ನಾಲ್ಕು ಒಂಬತ್ತು. ಆ ಜಾಗದಲ್ಲಿ ಬುಗುರಿ ಜೇಬು ತಡಕುತ್ತಾ ನಿಂತಿರುತ್ತಾನೆ, ಜಿಗಿತಕ್ಕೇನೂ ತೊಂದರೆಯಿಲ್ಲ. ಇಪ್ಪತ್ತು ನಿಮಿಷದ ಕೆಲಸ. ಹೊಲಿಗೆ ಮೊದಲಿನದಕ್ಕಿಂತ ಚೆನ್ನಾಗಿ ಕೂತಿದೆ.

ಇಟ್ಟುಕೊಂಡಿದ್ದೇನೆ. ಯಾರಾದರೂ ಕೇಳಿದರೆ ತಕ್ಷಣ ಕೊಡುತ್ತೇನೆ. ನನ್ನ ಕಡೆಯಿಂದ ಯಾವ ಕೊರತೆಯೂ ಇಲ್ಲ.

ಡಿಸೆಂಬರ್ 13, ಶನಿವಾರ

ಯಾರೂ ಕೇಳಲಿಲ್ಲ.

ಡಿಸೆಂಬರ್ 16, ಮಂಗಳವಾರ

ಮುಗ್ಗರಿಸುವುದು ಕೂತಿದೆ. ಟಿಕೆಟ್ ಕೊಡುವಾಕೆ ಅಯ್ಯೋ ಎಂದು ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಬಸ್ಸಮ್ಮನ ಬೆನ್ನು ತಟ್ಟಿದರು.

ಬುಗುರಿ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದ. ಮೇಷ್ಟ್ರು ನನ್ನ ಕಡೆ ತಿರುಗಿ ತಲೆಯಾಡಿಸಿದರು, ಗಾಡಿಗೆ ದಾರಿ ಬಿಟ್ಟವನಿಗೆ ತಲೆಯಾಡಿಸುವ ಹಾಗೆ.

ಡಿಸೆಂಬರ್ 18, ಗುರುವಾರ

ಮಧ್ಯಾಹ್ನ ಎರಡು ಗಂಟೆಗೆ ಹಾಡುಗಳನ್ನು ಒಪ್ಪಿಸುವ ಗಡುವು ಮುಗಿಯಿತು. ಒಂದೂವರೆಯವರೆಗೆ ಫೋನು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ. ಆಮೇಲೆ ಬಟ್ಟೆ ಒಗೆಯಲು ಹೋದೆ. ತಿರುಗಿ ಬಂದಾಗ ಎರಡೂ ಕಾಲು.

ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ. ನಿರಾಳವಾಯಿತು. ಹಾಗೆ ನೋಡಿದರೆ ಒಂದು ಅಂಕ ಏನು ಮಹಾ. ಜಿಗಿತದಲ್ಲಿ ಕೈ ಊರಿದರೆ ಅದಕ್ಕಿಂತ ಹೆಚ್ಚು ಹೋಗುತ್ತದೆ. ಹೋದ ವರ್ಷ ಗೆದ್ದವನಿಗೂ ಎರಡನೆಯವನಿಗೂ ಹನ್ನೊಂದು ಅಂಕದ ಅಂತರ ಇತ್ತು.

ಡಿಸೆಂಬರ್ 20, ಶನಿವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಅಕ್ಕನ ಪಕ್ಕ ಮೂರನೆಯ ಸಾಲಿನಲ್ಲಿ ಕೂತಿದ್ದೆ. ಅವನಿಗಿಂತ ಮುಂಚೆ ಆಡಿದವನು ಯೋಧ. ತೋಳಿಗೆ ಬೆಳ್ಳಿಯ ಪಟ್ಟಿ, ಕಣ್ಣಿನ ಸುತ್ತ ಕಾಡಿಗೆ. ಇಲ್ಲದ ಕತ್ತಿಯನ್ನು ನಾಲ್ಕು ನಿಮಿಷ ಬೀಸಿದ. ಎರಡು ಸಲ ತಡವರಿಸಿದ, ಬೀಳಲಿಲ್ಲ. ಒಳ್ಳೆಯ ಅಂಕ ಬಂತು.

ಬುಗುರಿ ಬಂದ. ಸೊಟ್ಟ ಟೈ ನೋಡಿಯೇ ಜನ ನಗಲು ಶುರು ಮಾಡಿದರು. ಮೊದಲ ಸ್ವರಕ್ಕೆ ಓಡಿದ. ನನ್ನ ಕೈಗಡಿಯಾರದ ಗುಂಡಿ ಒತ್ತಿದ್ದೆ, ಯಾವಾಗ ಒತ್ತಿದೆನೋ ಗೊತ್ತಿಲ್ಲ, ಅಭ್ಯಾಸ. ಮೊದಲನೆಯ ನಾಲ್ಕು ಸುತ್ತು ಡ್ರಮ್ಮಿನ ಮೇಲೆ ಬಿತ್ತು, ಒಂದು ಕೂದಲೆಳೆಯೂ ಮುಂಚೆಯಲ್ಲ. ಎರಡನೆಯದರಲ್ಲಿ ಬೆರಳು ಐಸಿಗೆ ತಾಗಿತು, ಅದನ್ನೇ ಏನೋ ಬಿದ್ದದ್ದನ್ನು ಎತ್ತಿಕೊಂಡ ಹಾಗೆ ಮಾಡಿ ಜೇಬಿಗೆ ಹಾಕಿಕೊಂಡ. ಇಡೀ ಸಭೆ ನಕ್ಕಿತು. ಬ್ರೇಕು ಬಿದ್ದಾಗ ಮುಗ್ಗರಿಸಿದ, ಅಕ್ಕ ನನ್ನ ತೋಳು ಹಿಡಿದುಕೊಂಡಳು. ಹೆಂಗಸಿಗೆ ಜಾಗ ಬಿಟ್ಟುಕೊಟ್ಟಾಗ ನಾನೂ ಒಂದಿಷ್ಟು ಸರಿದು ಕೂತೆ. ಮೂರು ಪೆಟ್ಟಿಗೆ ಮೂರು ಹೆಜ್ಜೆ ಇಟ್ಟು, ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವನ ಹಾಗೆ ನಿಂತ. ಸರಿಯಾಗಿ ಮೂರನೆಯ ಪೆಟ್ಟಿಗೆ. ಜನ ಎದ್ದು ನಿಂತರು. ಇಪ್ಪತ್ತಾರು ವರ್ಷದಲ್ಲಿ ಅವನ ಮುಖ ಹಾಗಿದ್ದದ್ದನ್ನು ನಾನು ನೋಡಿಲ್ಲ. ನಾನೂ ಎದ್ದು ನಿಂತಿದ್ದೆ. ಕೈಗಡಿಯಾರ ನೋಡಿಕೊಂಡೆ.

ಅಂಕ ಬಂತು. ಕೆಳಗೆ ಸಣ್ಣ ಅಕ್ಷರದಲ್ಲಿ, ಕಾಲಮಿತಿ ಮೀರಿದ್ದಕ್ಕೆ ಕಡಿತ, ಒಂದು. ಯೋಧನಿಗಿಂತ ಸೊನ್ನೆ ಪಾಯಿಂಟ್ ಆರು ಎರಡು ಕಡಿಮೆ.

ಒಳಗಿನ ಓಣಿಯಲ್ಲಿ ಎಲ್ಲರೂ ಒಟ್ಟಿಗೆ ನಿಂತಿದ್ದೆವು. ಮೇಷ್ಟ್ರು ಗೋಡೆಗೆ ಹಣೆ ಹಚ್ಚಿದ್ದರು. ಬಸ್ಸಮ್ಮ ಅಳುತ್ತಿದ್ದಳು, ಸದ್ದಿಲ್ಲದೆ. ಅವಳು ಅಳುವುದನ್ನು ನೋಡಿದರೆ ನನಗೆ ಸಮಾಧಾನವಾಗುತ್ತದೆ ಎಂದು ಎಂದಾದರೂ ಅಂದುಕೊಂಡಿದ್ದೆನೇನೋ. ಆಗಲಿಲ್ಲ.

"ಹಾಡು ಉದ್ದ ಇತ್ತಾ?" ಎಂದರು ಮೇಷ್ಟ್ರು, ಗೋಡೆಯ ಕಡೆಗೇ. ಯಾರನ್ನು ಕೇಳಿದರು ಎಂದು ಎಲ್ಲರಿಗೂ ಗೊತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಹೇಳಿದಳು. "ನನ್ನ ತಮ್ಮ ಮೊಟ್ಟೆ ಬೇಯಿಸೋಕೂ ಗಡಿಯಾರ ಇಟ್ಕೊಂಡು ಕೂರ್ತಾನೆ. ಅವನ ಕೈಲಿ ಯಾವತ್ತೂ ತಪ್ಪಿಲ್ಲ. ಇವನೇ ಕೊನೇಲಿ ನಿಧಾನ ಮಾಡಿರ್ಬೇಕು, ಸೊಂಟ ನೋವಿತ್ತು ಇವನಿಗೆ."

"ಹೌದು" ಎಂದ ಬುಗುರಿ. ನೆಲ ನೋಡುತ್ತಿದ್ದ. "ನಾನೇ ನಿಧಾನ ಮಾಡ್ದೆ."

ಅವನು ನಿಧಾನ ಮಾಡಿರಲಿಲ್ಲ. ಮೂರನೆಯ ಪೆಟ್ಟಿಗೆ ಸರಿಯಾಗಿ ನಿಂತದ್ದನ್ನು ನಾನು ನೋಡಿದ್ದೆ. ಅವನ ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು ಮರಿ" ಎಂದೆ.

ಡಿಸೆಂಬರ್ 21, ಭಾನುವಾರ

ಎರಡನೆಯ ಜಿಗಿತದಲ್ಲಿ ಬೆರಳು ತಾಗದಿದ್ದರೆ ಒಂದು ಅಂಕ ಹೋಗಿಯೂ ಗೆಲ್ಲುತ್ತಿದ್ದ. ಲೆಕ್ಕ ಹಾಕಿ ನೋಡಿದೆ. ಮೂರು ಸಲ ಹಾಕಿದೆ.

ಪಿಯಾನೋಗೆ ಆಡಿದ್ದರೆ ಆ ಜಿಗಿತಕ್ಕೆ ಮೊದಲು ಉಸಿರು ತೆಗೆದುಕೊಳ್ಳಲು ಜಾಗವಿತ್ತು. ನಾನೇ ಇಟ್ಟಿದ್ದೆ.

ಡಿಸೆಂಬರ್ 24, ಬುಧವಾರ

ಅಕ್ಕ ಫೋನು ಮಾಡಿದಳು. ಅವನು ಊಟ ಸರಿಯಾಗಿ ಮಾಡುತ್ತಿಲ್ಲವಂತೆ. ಮೇಷ್ಟ್ರ ಹತ್ತಿರ ಮಾತಾಡಿ ಬಂದಿದ್ದಾನೆ, ಇನ್ನು ಆಡುವುದಿಲ್ಲವಂತೆ. ಮುಂದಿನ ತಿಂಗಳಿಂದ ಹೊಸದಾಗಿ ಬರುವವರಿಗೆ ಬೀಳದೆ ನಿಲ್ಲುವುದನ್ನು ಕಲಿಸುತ್ತಾನಂತೆ. "ನೀನೊಂದು ಸಲ ಬಂದು ಮಾತಾಡೋ. ನಿನ್ನ ಮಾತಾದ್ರೆ ಕೇಳ್ತಾನೆ" ಎಂದಳು.

ಹೋಗಬೇಕು. ಪ್ರದರ್ಶನಕ್ಕೆಂದು ಒಂದು ಸಣ್ಣ ನೃತ್ಯ ಕಟ್ಟಿಕೊಡಬಹುದು ಅವನಿಗೆ. ಜಿಗಿತವಿಲ್ಲದ್ದು, ಸೊಂಟಕ್ಕೆ ನೋವಾಗದಂಥದ್ದು. ಎರಡು ಮೂರು ಹಾಡು ಮನಸ್ಸಿನಲ್ಲಿವೆ. ಸ್ಪರ್ಧೆ, ಅಂಕ ಎಂಬ ರಗಳೆ ಇರುವುದಿಲ್ಲ, ಮೇಷ್ಟ್ರು ಮೂಗು ತೂರಿಸುವ ಹಾಗಿಲ್ಲ. ನಾವಿಬ್ಬರೇ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು ಎಂದು ಕೂಡ ಅನಿಸಿತು.

ಡಿಸೆಂಬರ್ 30, ಮಂಗಳವಾರ

ನಾನು ಹೋಗುವ ಮೊದಲೇ ಅವನು ಬಂದ. ಐಸ್ ಅಂಗಳದ ಹಿಂದಿರುವ ನನ್ನ ಕೆಲಸದ ಕೋಣೆಗೆ, ಬೆಳಿಗ್ಗೆ ಹತ್ತಕ್ಕೆ. ತನ್ನ ಹಳೆಯ ಹಾಡುಗಳೆಲ್ಲ ಬೇಕೆಂದ, ಒಂಬತ್ತೂ. "ಇಟ್ಕೊಳ್ಳೋಕೆ" ಎಂದ. ಕಂಪ್ಯೂಟರಿನಿಂದ ಪೆನ್ ಡ್ರೈವಿಗೆ ಹಾಕಿಕೊಡಲು ಕೂತೆ. ಅವನು ಪಕ್ಕದ ಕುರ್ಚಿಯಲ್ಲಿ ಕೂತ. ಸೊಂಟ ನೋಯುವವರು ಕೂರುವ ಹಾಗೆ, ಒಂದು ಕಡೆಗೆ ವಾಲಿಕೊಂಡು.

ನನ್ನ ಸಣ್ಣ ನೃತ್ಯದ ಮಾತು ತೆಗೆದೆ. ಕೊಳಲಿನದೊಂದು ಹಾಡಿದೆ, ಕೇಳಿಸುತ್ತೇನೆ ಎಂದೆ.

"ಮಾಮ, ಒಂದು ಕೇಳ್ಬೇಕಿತ್ತು" ಎಂದ. "ಹಾಡು ಹಾಕಿದ್ರೆ ಫೋನಲ್ಲಿ ಎಷ್ಟುದ್ದ ಅಂತ ಬರತ್ತಲ್ಲ. ನೀವು ಕಳಿಸಿದ ದಿನಾನೇ ನೋಡಿದ್ದೆ. ನಾಲ್ಕು ಹನ್ನೆರಡು."

ನಾನು ತೆರೆಯನ್ನೇ ನೋಡುತ್ತಿದ್ದೆ. ಐದನೆಯ ಹಾಡು ಹೋಗುತ್ತಿತ್ತು.

"ಮೇಡಂ ಕೂಡ ಕೇಳಿದ್ರು. ಎರಡು ಸೆಕೆಂಡ್ ಜಾಸ್ತಿ ಆಗಲ್ವಾ, ಬೇರೆಯವರ ಹತ್ರ ಕತ್ತರಿಸೋಣ್ವಾ ಅಂತ. ನಾನೇ ಬೇಡ ಅಂದೆ. ನಮ್ಮ ಮಾಮ ಇಟ್ಟಿದಾರೆ ಅಂದ್ರೆ ಅದಕ್ಕೊಂದು ಲೆಕ್ಕ ಇರತ್ತೆ, ಯಾರೂ ಮುಟ್ಟಬೇಡಿ ಅಂದೆ. ಒಂದು ಸಲ ಮನೆಗೆ ಬಂದಾಗ ನಿಮ್ಮನ್ನೇ ಕೇಳ್ದೆ. ಸರಿಯಾಗಿದೆ ಅಂದ್ರಿ." "ಏನು ಲೆಕ್ಕ ಮಾಮ ಅದು?"

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಚಿಕ್ಕವನಿದ್ದಾಗ ಈ ಹೆಜ್ಜೆ ಯಾಕೆ ಹೀಗೆ ಎಂದು ಕೇಳುತ್ತಿದ್ದ ದನಿಯೇ. ಸಿಟ್ಟಿದ್ದಿದ್ದರೆ ನನಗೂ ಏನಾದರೂ ಹೇಳಲು ಬರುತ್ತಿತ್ತು.

"ಶುರುವಿನಲ್ಲಿ ನೀನು ಮೂರು ಸೆಕೆಂಡ್ ನಿಲ್ತೀಯ ಅಂದ್ಕೊಂಡಿದ್ದೆ" ಎಂದೆ. "ಯಾವಾಗ್ಲೂ ನಿಲ್ತಿದ್ದೆಯಲ್ಲ."

ಅವನು ತಲೆಯಾಡಿಸಿದ. ನಂಬಿದ ಎಂದುಕೊಂಡೆ. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ, "ದಿನಾ ಬಂದು ನೋಡ್ತಿದ್ರಲ್ಲ ಮಾಮ."

ಮಿಕ್ಕ ನಾಲ್ಕು ಹಾಡು ಹೋಗುವ ತನಕ ಇಬ್ಬರೂ ಕೂತೇ ಇದ್ದೆವು. ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ. ಮುಗಿದ ಮೇಲೆ ಅವನು ಎದ್ದ, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ಸರಿಸಿದ. ಅಕ್ಕನಿಗೆ ಹೇಳಿದ್ದೀಯಾ ಎಂದು ಕೇಳಬೇಕೆಂದುಕೊಂಡೆ. ಅದನ್ನು ಕೇಳುವುದಕ್ಕೇ ಮೊದಲು ಬಾಯಿ ಬಂತಲ್ಲ ಎಂದು ನಾಚಿಕೆಯಾಯಿತು.

ಬಾಗಿಲ ಹತ್ತಿರ ನಿಂತ. ಒಂಬತ್ತು ವರ್ಷದಿಂದ ಆ ಬಾಗಿಲಲ್ಲಿ ನಿಂತು "ಬರ್ತೀನಿ ಮಾಮ" ಎಂದೇ ಹೇಳಿ ಹೋದವನು. ಇವತ್ತು "ಹೋಗ್ತೀನಿ" ಎಂದ. ನಾನು ಹ್ಞೂಂ ಎಂದೆ.